ಲಾಗ್ ಸಾಧನದಲ್ಲಿ ಜಾಲ ಮತ್ತು ಡಿಸ್ಕ್: ಬೇರ್ಪಡಿಸಲಾಗದ ಎರಡು ನಿರ್ಧಾರಗಳು

ಫೈರ್‌ವಾಲ್, ರೌಟರ್, ಸರ್ವರ್‌ಗಳು ಬರೆಯುವ ಲಾಗ್‌ಗಳನ್ನೆಲ್ಲ ಒಂದೆಡೆ ಸೇರಿಸಲು ಪ್ರತ್ಯೇಕ ಸಾಧನ ಇಡುವುದು ಈಗ ರೂಢಿ. ಅದನ್ನು ಸ್ಥಾಪಿಸುವಾಗ ನೆಟ್‌ವರ್ಕ್‌ನ ಕೆಲಸ ಒಬ್ಬರ ಪಾಲಿಗೆ, ಡಿಸ್ಕ್‌ನ ಕೆಲಸ ಇನ್ನೊಬ್ಬರ ಪಾಲಿಗೆ ಹೋಗುವುದುಂಟು. ಈ ವಿಂಗಡಣೆಯಿಂದಲೇ ದಾಖಲೆಗಳು ನಷ್ಟವಾಗುತ್ತವೆ ಎಂಬುದು ಇಲ್ಲಿನ ವಾದ.

ಎರಿಕ್ ಆಲ್ಮನ್ 1980ರ ದಶಕದಲ್ಲಿ ಸೆಂಡ್‌ಮೇಲ್ ಯೋಜನೆಗಾಗಿ ರೂಪಿಸಿದ, ಲಾಗ್ ಕಳಿಸುವ ವಿಧಾನವಾದ ಸಿಸ್‌ಲಾಗ್ ಇಂದಿಗೂ ಹೆಚ್ಚಾಗಿ ಯುಡಿಪಿಯ 514ನೇ ಪೋರ್ಟ್ ಮೂಲಕವೇ ಹರಿಯುತ್ತದೆ. ಯುಡಿಪಿಯಲ್ಲಿ ತಲುಪಿದ್ದಕ್ಕೆ ರಸೀದಿಯಿಲ್ಲ. ಬಂದ ಸಂದೇಶ ಮೊದಲು ಕರ್ನಲ್‌ನ ಬಫರ್‌ನಲ್ಲಿ ಕಾಯುತ್ತದೆ. ಅನೇಕ ಲಿನಕ್ಸ್ ವ್ಯವಸ್ಥೆಗಳಲ್ಲಿ ಅದರ ಪೂರ್ವನಿಗದಿತ ಅಳತೆ 2,12,992 ಬೈಟ್. ಸೆಕೆಂಡಿಗೆ 1,000 ಸಂದೇಶ, ಒಂದೊಂದು 500 ಬೈಟ್ ಎಂದಿಟ್ಟುಕೊಳ್ಳೋಣ. ಡಿಸ್ಕ್ ತಡವರಿಸಿ, ಸಂದೇಶ ಓದುವ ಪ್ರಕ್ರಿಯೆ ಅರ್ಧ ಸೆಕೆಂಡ್ ನಿಂತರೂ ಬಫರ್ ತುಂಬಿ, ಮುಂದಿನವು ಬಿದ್ದುಹೋಗುತ್ತವೆ. ಕಳಿಸಿದವನಿಗೆ ಅದು ಗೊತ್ತಾಗುವುದಿಲ್ಲ, ಸಾಧನದ ಲಾಗ್‌ನಲ್ಲೂ ಸುಳಿವಿರುವುದಿಲ್ಲ. ಕರ್ನಲ್‌ನ ಎಣಿಕೆಯಲ್ಲಿ ಒಂದು ಸಂಖ್ಯೆ ಏರುತ್ತದೆ, ಅಷ್ಟೇ. ಮೂಲ ದೋಷ ಡಿಸ್ಕ್‌ನದು, ಕಾಣಿಸಿಕೊಳ್ಳುವುದು ಜಾಲದಲ್ಲಿ.

ಬಫರ್ ಹಿಗ್ಗಿಸಿದರೆ ಕೆಲವು ಸೆಕೆಂಡುಗಳ ಬಿಡುವು ಸಿಗುತ್ತದೆ. ಟಿಎಲ್‌ಎಸ್ ಆಧಾರದ 6514ನೇ ಪೋರ್ಟ್‌ಗೆ ಬದಲಾಯಿಸುವುದು ಖಂಡಿತ ಮೇಲು; ಆದರೆ ಡಿಸ್ಕ್ ತುಂಬಿದಾಗ ಅಲ್ಲಿಯೂ ಒತ್ತಡ ಕಳಿಸುವವನ ಸರತಿಗೆ ಮರಳುತ್ತದೆ. ಗ್ರೇಲಾಗ್‌ನಂತಹ ತಂತ್ರಾಂಶ ಬಂದದ್ದನ್ನು ಹುಡುಕಾಟ ಸೂಚಿಗೆ ಸೇರಿಸುವ ಮೊದಲು ಜರ್ನಲ್‌ಗೆ ಬರೆದುಕೊಳ್ಳುತ್ತದೆ. ಅದರ ಪೂರ್ವನಿಗದಿತ ಮಿತಿ 12 ಗಂಟೆ ಅಥವಾ 5 ಜಿಬಿ, ಯಾವುದು ಮೊದಲೋ ಅದು. ಮೇಲಿನ ದರದಲ್ಲಿ 5 ಜಿಬಿ ಮೂರು ಗಂಟೆಯೊಳಗೇ ಮುಗಿಯುತ್ತದೆ. ರಾತ್ರಿ ಹುಡುಕಾಟ ಸೂಚಿ ನಿಂತರೆ, ಬೆಳಗ್ಗೆ ಸಿಬ್ಬಂದಿ ಬರುವಷ್ಟರಲ್ಲಿ ಹಳೆಯ ಸಂದೇಶಗಳು ಅಳಿಸಿಹೋಗಿರುತ್ತವೆ. ಜರ್ನಲ್‌ನ ಮಿತಿ ಹಿಗ್ಗಿಸಿ, ಅದಕ್ಕೆ ಬೇರೆಯೇ ಡಿಸ್ಕ್ ವಿಭಾಗ ಕೊಡಬೇಕು ಎನ್ನುವುದು ಇದಕ್ಕಾಗಿಯೇ.

ಭಾರತದಲ್ಲಿ ಇದಕ್ಕೆ ಕಾನೂನಿನ ಮುಖವೂ ಇದೆ. ದೇಶದ ಸೈಬರ್ ತುರ್ತು ಸ್ಪಂದನಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಸುರಕ್ಷಿತವಾಗಿಡಬೇಕು. ಮೇಲಿನ ಲೆಕ್ಕದಲ್ಲಿ ದಿನಕ್ಕೆ 43.2 ಜಿಬಿ, 180 ದಿನಕ್ಕೆ ಸುಮಾರು 7.8 ಟಿಬಿ. ಒಂದು ಪ್ರತಿ ಹೆಚ್ಚಿಗೆ ಇಟ್ಟರೆ 15.6. ಹುಡುಕಾಟ ಸೂಚಿಯನ್ನು ನಡೆಸುವ ಎಲಾಸ್ಟಿಕ್‌ಸರ್ಚ್, ಡಿಸ್ಕ್ 85 ಪ್ರತಿಶತ ತುಂಬಿದೊಡನೆ ಅಲ್ಲಿ ಹೊಸ ತುಣುಕುಗಳನ್ನು ಇಡುವುದನ್ನು ತಡೆಯುತ್ತದೆ, 95ಕ್ಕೆ ಬರಹವನ್ನೇ ನಿಲ್ಲಿಸುತ್ತದೆ. ಹಾಗಾಗಿ ಸಂಕೋಚನ ಮತ್ತು ಸೂಚಿಯ ಹೊರೆಯನ್ನು ಲೆಕ್ಕಕ್ಕೆ ಹಿಡಿಯದೆ ನೋಡಿದರೆ 18 ಟಿಬಿಗೂ ಮಿಗಿಲಾದ ಜಾಗ ಬೇಕು. ಅಳಿಸುವ ನಿಯಮವನ್ನು ಗಾತ್ರಕ್ಕೆ ಕಟ್ಟಿಹಾಕಿದ್ದರೆ, ದಾಳಿಯ ದಿನ ಲಾಗ್ ಉಕ್ಕಿದಾಗ 180 ದಿನದ ಭರವಸೆ ಉಳಿಯುವುದಿಲ್ಲ. ನಿಯಮ ದಿನಗಳ ಮೇಲೆ ನಿಲ್ಲಬೇಕು, ಗಾತ್ರ ಎಚ್ಚರಿಕೆಯ ಗಂಟೆಯಾಗಿರಬೇಕು.

ಸಮಯದ ವಿಷಯ ಚಿಕ್ಕದು, ಪರಿಣಾಮ ದೊಡ್ಡದು. ಹಳೆಯ ಸಿಸ್‌ಲಾಗ್ ಮಾದರಿಯಲ್ಲಿ ಇಸವಿಯೂ ಇಲ್ಲ, ಕಾಲವಲಯವೂ ಇಲ್ಲ. ಅಲ್ಲಿನ ಭಾರತೀಯ ಸಮಯವನ್ನು ಸಾಧನ ಯುಟಿಸಿ ಎಂದು ಓದಿದರೆ ಐದೂವರೆ ಗಂಟೆ ಏರುಪೇರಾಗುತ್ತದೆ. ಅದೇ ಸರ್ಟ್-ಇನ್ ನಿರ್ದೇಶನ ಘಟನೆಯನ್ನು ವರದಿಮಾಡಲು ಕೊಡುವುದು ಆರೇ ಗಂಟೆ.

ಡಿಸ್ಕ್ ಖರೀದಿಗೆ ಮುನ್ನ ಕನಿಷ್ಠ ಒಂದು ವಾರದ ನಿಜವಾದ ಹರಿವನ್ನು ಅಳೆಯಿರಿ. ಸಾಧನ ಚಾಲೂ ಆದ ಮೇಲೆ, ಬಿದ್ದುಹೋದ ಪ್ಯಾಕೆಟ್‌ಗಳ ಎಣಿಕೆಯನ್ನೂ ಒಂದು ಲಾಗ್ ಆಗಿಯೇ ಕಾಪಿಡಿ.