ಸಿದ್ಧರಾಮನ ಕೆರೆ ಮತ್ತು ನಮ್ಮ ಬೋರುಗಳು



ಸೊಲ್ಲಾಪುರದ ಗಡ್ಡಾ ಜಾತ್ರೆಗೆ ಹೋಗದವರು ನಮ್ಮಲ್ಲಿ ಕಡಿಮೆ. ಸಂಕ್ರಮಣದ ಹೊತ್ತಿಗೆ ಏಳು ನಂದಿಕೋಲುಗಳ ಮೆರವಣಿಗೆ ನೋಡುತ್ತೇವೆ, ಅಕ್ಷತೆ ಹಾಕುತ್ತೇವೆ, ಮಕ್ಕಳಿಗೆ ಬೆಂಡು ಬತ್ತಾಸು ಕೊಡಿಸುತ್ತೇವೆ. ಕೆರೆಯ ನಡುವಿನ ಗುಡಿಗೆ ಹೋಗಿ ಸಿದ್ಧರಾಮೇಶ್ವರನಿಗೆ ಕೈ ಮುಗಿದು ಊರಿಗೆ ಮರಳುತ್ತೇವೆ. ಆದರೆ ಗುಡಿಯ ಸುತ್ತಲಿನ ನೀರನ್ನು ನಿಂತು ನೋಡುವವರು ಎಷ್ಟು ಜನ? ನಾನೂ ಎಷ್ಟೋ ವರ್ಷ ನೋಡಿರಲಿಲ್ಲ. ಇವತ್ತು ಆ ನೀರಿನಿಂದಲೇ ಮಾತು ಆರಂಭಿಸುತ್ತೇನೆ.

ಹನ್ನೆರಡನೆಯ ಶತಮಾನದಲ್ಲಿ ಈ ಊರಿಗೆ ಸೊನ್ನಲಿಗೆ ಎಂಬ ಹೆಸರಿತ್ತು. ಸಿದ್ಧರಾಮ ಇಲ್ಲಿ ಗುಡಿ ಕಟ್ಟಿಸಿದ, ಲಿಂಗಗಳನ್ನು ಸ್ಥಾಪಿಸಿದ, ಅದರ ಜೊತೆಗೆ ಕೆರೆ ತೋಡಿಸಿದ. ರಾಘವಾಂಕ ಕವಿ ‘ಸಿದ್ಧರಾಮ ಚಾರಿತ್ರ’ವನ್ನು ಬರೆದದ್ದು ಈ ಮಹಾನುಭಾವನ ಮೇಲೆಯೇ. ಶೂನ್ಯಸಂಪಾದನೆಯಲ್ಲಿ ಒಂದು ಪ್ರಸಂಗ ಬರುತ್ತದೆ. ಅಲ್ಲಮಪ್ರಭು ಸೊನ್ನಲಿಗೆಗೆ ಬಂದಾಗ ಕೆರೆಯ ಕೆಲಸ ನಡೆದಿರುತ್ತದೆ. ಪ್ರಭು ಬೇಕೆಂದೇ “ಒಡ್ಡರಾಮ ಎಲ್ಲಿ?” ಎಂದು ಕೇಳುತ್ತಾನೆ. ಮಣ್ಣು ಹೊರುತ್ತಿದ್ದ ಭಕ್ತರು ತಮ್ಮ ಗುರುವಿಗೆ ಅವಮಾನವಾಯಿತೆಂದು ಸಿಟ್ಟಾಗಿ ಕಲ್ಲು ಎಸೆಯುತ್ತಾರೆ. ಮುಂದೆ ಸಿದ್ಧರಾಮ ಕಲ್ಯಾಣಕ್ಕೆ ಹೋಗಿ ಶರಣರೊಡನೆ ಕೂಡಿದ ಕಥೆ ನಿಮಗೆ ಗೊತ್ತಿದೆ.

ಈ ಪ್ರಸಂಗದಲ್ಲಿ ಅಧ್ಯಾತ್ಮದ ಅರ್ಥ ಬೇರೆ ಇದೆ, ಅದನ್ನು ತಿಳಿದವರು ಹೇಳಲಿ. ಎಸ್ಸೆಸ್ಸಿ ಓದಿದ ನನಗೆ ತಿಳಿಯುವುದು ಇಷ್ಟು: ಕಲ್ಲು ಎಸೆದವರು ಸ್ವತಃ ಕೆರೆಯ ಮಣ್ಣು ಹೊತ್ತವರು. ಅದು ಅವರ ಕೆರೆ, ಆದ್ದರಿಂದಲೇ ಅವರಿಗೆ ಅಷ್ಟು ಸಿಟ್ಟು ಬಂದಿತು. ಮಣ್ಣು ಕಲ್ಲಿನ ಕಾಯಕದ ಭೋವಿ ಸಮಾಜದವರು ಇಂದಿಗೂ ಸಿದ್ಧರಾಮನನ್ನು ತಮ್ಮ ಗುರು ಎನ್ನುತ್ತಾರೆ. ಬೈಗುಳದಂತೆ ಬಂದ ಆ ಹೆಸರು ಅವರಿಗೆ ಗೌರವದ ಹೆಸರಾಗಿ ಉಳಿದಿದೆ.

ಈಗ ಏಳು ನೂರು ವರ್ಷ ಮುಂದೆ ಬರೋಣ. ಸೊಲ್ಲಾಪುರದಿಂದ ಐದಾರು ಮೈಲಿ ದೂರದಲ್ಲಿ ಹಿಪ್ಪರಗಾ ತಲಾವ ಇದೆ. ಕಾಗದಪತ್ರಗಳಲ್ಲಿ ಅದರ ಹೆಸರು ಏಕರೂಖ. ಇಂಗ್ಲಿಷರ ಸರಕಾರ ಆದಿಲಾ ನದಿಗೆ ಮಣ್ಣಿನ ಒಡ್ಡು ಹಾಕಿಸಿ 1871ರಲ್ಲಿ ಅದನ್ನು ಮುಗಿಸಿತು. ಐದು ವರ್ಷ ಕಳೆಯುವುದರೊಳಗೆ 1876ರ ದೊಡ್ಡ ಬರಗಾಲ ಬಂದಿತು. ಆಗ ಮಾಢಾ ತಾಲೂಕಿನ ಆಷ್ಟಿಯ ಕೆರೆಯ ಕೆಲಸವನ್ನು ಬರಪರಿಹಾರಕ್ಕಾಗಿ ಹಿಡಿದರು. ಈ ಕೆರೆಗಳಿಂದ ಜನಕ್ಕೆ ಉಪಕಾರವಾಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಒಂದು ಬದಲಾವಣೆ ಆಯಿತು. ಒಡ್ಡಿನ ಮೇಲೆ ಸರಕಾರದ ಕಾವಲುಗಾರ ಬಂದ, ನೀರಿಗೆ ಪಟ್ಟಿ ಬಂದಿತು, ಒಡ್ಡು ಒಡೆದರೆ ಅರ್ಜಿ ಬರೆಯುವ ಪದ್ಧತಿ ಬಂದಿತು. ಮಣ್ಣು ಹೊತ್ತವನು ಕೂಲಿ ಪಡೆದು ಮನೆಗೆ ಹೋದ.

ನಾನು ಕಣ್ಣಾರೆ ನೋಡಿದ ಬರ 1972ರದು. ನನಗಾಗ ಹನ್ನೆರಡು ವರ್ಷ. ಅಕ್ಕಲಕೋಟ ತಾಲೂಕಿನ ಗಡಿಯ ನಮ್ಮ ಊರಲ್ಲಿ ಅದರ ಹಿಂದಿನ ಮಳೆಗಾಲಗಳೂ ಸರಿಯಾಗಿರಲಿಲ್ಲ. ರೇಶನ್ನಿನಲ್ಲಿ ಮಿಲೋ ಎಂಬ ಅಮೇರಿಕಾದ ಕೆಂಪು ಜೋಳ ಬಂದಿತು. ಮಾಲದಂಡಿ ಜೋಳದ ಬಿಳಿ ರೊಟ್ಟಿ ತಿಂದ ನಾಲಿಗೆಗೆ ಅದು ಇಳಿಯುತ್ತಿರಲಿಲ್ಲ. ಅವ್ವ, ಚಿಗವ್ವ, ಓಣಿಯ ಹೆಣ್ಣುಮಕ್ಕಳೆಲ್ಲ ಖಡಿ ಒಡೆಯಲು, ಒಡ್ಡಿನ ಮಣ್ಣು ಹೊರಲು ಹೋಗುತ್ತಿದ್ದರು. ಕೆಲಸದ ಜಾಗದಲ್ಲಿ ಸುಕಡಿ ಹಂಚುತ್ತಿದ್ದರು. ಅವ್ವ ತನ್ನ ಪಾಲಿನ ಸುಕಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ನಮಗೆ ಕೊಡುತ್ತಿದ್ದಳು. ಆ ರುಚಿ ಇನ್ನೂ ನೆನಪಿದೆ.

ಆ ಬರದ ಹೊಟ್ಟೆಯಿಂದಲೇ ಮಹಾರಾಷ್ಟ್ರದ ರೋಜಗಾರ ಹಮಿ ಯೋಜನೆ ಹುಟ್ಟಿತು. 1977ರಲ್ಲಿ ಅದು ಕಾಯ್ದೆಯಾಯಿತು, 2005ರ ರಾಷ್ಟ್ರೀಯ ಕಾಯ್ದೆಗೆ ಮಾದರಿಯೂ ಆಯಿತು. ಆ ಕಾಲದಲ್ಲಿ ಊರೂರಿಗೆ ಪಾಝರ ತಲಾವಗಳು ಎದ್ದವು. ಪಾಝರ ತಲಾವ ಎಂದರೆ ಕಾಲುವೆ ಇಲ್ಲದ ಕೆರೆ. ನಿಂತ ನೀರು ನೆಲಕ್ಕೆ ಜಿನುಗಿ ಕೆಳಗಿನ ಬಾವಿಗಳಿಗೆ ಸೆಲೆಯಾಗಬೇಕು, ಅದರ ಕೆಲಸ ಅಷ್ಟೇ. ನಮ್ಮ ಊರಿನ ತಲಾವದ ಮಣ್ಣಿನಲ್ಲಿ ನನ್ನ ಅವ್ವನ ಬುಟ್ಟಿಗಳೂ ಇವೆ. ಆದರೆ ಮುಂದೆ ಅದರಲ್ಲಿ ಹೂಳು ತುಂಬಿದಾಗ ಯಾರೂ ಸಲಿಕೆ ಹಿಡಿಯಲಿಲ್ಲ. “ಅದು ಸರಕಾರದ್ದು” ಎಂದೆವು. ಎಲ್ಲರೂ ಎಂದರು, ನಾನೂ ಎಂದೆ.

ಅಷ್ಟರಲ್ಲಿ ನಮಗೆ ಬೇರೆ ದಾರಿ ಸಿಕ್ಕಿತ್ತು. ಬಾವಿ, ಪಂಪು, ಬೋರು. 1981ರಲ್ಲಿ ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದೆ. ಬಹಳ ವರ್ಷ ನನ್ನ ಟೇಬಲ್ಲಿಗೆ ಬಂದದ್ದು ಬೇಸಾಯದ ಸಾಲದ ಕಾಗದಗಳು: ಸಾತ್ ಬಾರಾ ಉತಾರ, ತಲಾಠಿಯ ದಾಖಲೆ, ಪಂಪಿನ ಕೊಟೇಶನ್. ಫಾರ್ಮಿನಲ್ಲಿ ಒಂದು ಸಾಲು ಇರುತ್ತಿತ್ತು: ಹತ್ತಿರದ ಬಾವಿ ಎಷ್ಟು ಅಂತರದಲ್ಲಿದೆ? ಅದನ್ನು ಹೊಲಕ್ಕೆ ಹೋಗಿ ಅಳೆದು ಬರೆಯಬೇಕು. ಮಾರ್ಚ್ ತಿಂಗಳ ಗಡಿಬಿಡಿಯಲ್ಲಿ ನಾನು ಕುರ್ಚಿಯಲ್ಲಿ ಕುಳಿತೇ ಬರೆದಿದ್ದೇನೆ. ನಿಯಮಕ್ಕೆ ಸರಿಹೋಗುವ ಅಂಕಿ ಹಾಕಿದ್ದೇನೆ.

ಅಣ್ಣತಮ್ಮಂದಿರಿಬ್ಬರ ಕಥೆ ಹೇಳುತ್ತೇನೆ. ಹೆಸರು ಬೇಡ. ಅಣ್ಣ ಬಾವಿಗೆ ಸಾಲ ತೆಗೆದಿದ್ದ, ಕಂತು ಸರಿಯಾಗಿ ಕಟ್ಟುತ್ತಿದ್ದ. ಮೂರು ವರ್ಷದ ಮೇಲೆ ಬದುವಿನ ಆಚೆ ತಮ್ಮ ಬೋರು ಹಾಕಿಸಲು ಸಾಲ ಕೇಳಿದ. ಕಾಗದ ನಾನೇ ತಯಾರು ಮಾಡಿದೆ. ಬೋರಿಗೆ ನೀರು ಬಿತ್ತು, ತಮ್ಮ ಪೇಢೆ ತಂದು ಕೊಟ್ಟ. ಎರಡನೆಯ ಬೇಸಿಗೆಗೆ ಅಣ್ಣನ ಬಾವಿ ಬತ್ತಿತು. ಅವನೂ ಬೋರು ಹಾಕಿಸಿದ, ಇನ್ನೂ ಆಳಕ್ಕೆ. ಆಗ ತಮ್ಮನ ಬೋರು ಗಾಳಿ ಉಗುಳತೊಡಗಿತು. ಕೊನೆಗೆ ಇಬ್ಬರ ಉತಾರದ ಮೇಲೂ ಬೋಜಾ ಉಳಿಯಿತು. ಇಬ್ಬರ ನಡುವೆ ಮಾತು ನಿಂತಿತು. ಒಂದು ದಿನ ಅಣ್ಣ ಕೌಂಟರಿನ ಮುಂದೆ ನಿಂತು, “ಸಾಹೇಬ್ರ, ನೀರು ಅದ ಅಂತ ನೀವ ಬರದ್ರಿ, ನಾ ಸಹಿ ಮಾಡ್ದೆ” ಎಂದ. ನನ್ನಲ್ಲಿ ಉತ್ತರ ಇರಲಿಲ್ಲ. ಒಂದೇ ನೀರಿಗೆ ಎರಡು ಸಾಲ ಕೊಟ್ಟಿದ್ದೆವು ಎಂಬುದು ನನಗೆ ಹೊಳೆದದ್ದು ಆವತ್ತು.

ಇದು ಹೇಗೆ ಆಗುತ್ತದೆ ಎಂಬುದನ್ನು ನಾನು ಆಮೇಲೆ ಕೇಳಿ ತಿಳಿದುಕೊಂಡೆ. ನಮ್ಮ ಸೀಮೆಯಲ್ಲಿ ಮೇಲೆ ಕರಿ ಎರೆಮಣ್ಣು, ಅದರ ಕೆಳಗೆ ಮುರುಮ, ಅದರ ಕೆಳಗೆ ಕರಿಕಲ್ಲು. ಈ ಕಲ್ಲು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಲಾವಾರಸ ಪದರ ಪದರವಾಗಿ ಹರಿದು ಗಟ್ಟಿಯಾದದ್ದು. ಮರಳಿನ ಸೀಮೆಯ ಹಾಗೆ ಇಲ್ಲಿ ನೆಲದ ತುಂಬ ನೀರು ಇರುವುದಿಲ್ಲ. ಮುರುಮಿನಲ್ಲಿ ಒಂದಿಷ್ಟು, ಕಲ್ಲಿನ ಬಿರುಕುಗಳಲ್ಲಿ ಒಂದಿಷ್ಟು. ಆಳಕ್ಕೆ ಹೋದ ಹಾಗೆ ಬಿರುಕು ಕಡಿಮೆ. ಆದ್ದರಿಂದ ಆಳದ ಬೋರು ಬಹಳ ಸಲ ಹೊಸ ನೀರು ಹುಡುಕುವುದಿಲ್ಲ. ಮೇಲಿನ ಬಾವಿಯ ನೀರನ್ನೇ ಬಿರುಕಿನ ದಾರಿಯಿಂದ ಕೆಳಗೆ ಎಳೆಯುತ್ತದೆ.

ನನಗೆ ತಿಳಿದ ಭಾಷೆಯಲ್ಲಿ ಹೇಳುವುದಾದರೆ ಊರಿನ ಅಂತರ್ಜಲ ಒಂದು ಜಂಟಿ ಖಾತೆ. ಜಮಾ ಮಾಡುವುದು ಮಳೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಐದುನೂರು ಆರುನೂರು ಮಿಲಿಮೀಟರ್, ಅದೂ ಪ್ರತಿವರ್ಷ ಖಾತ್ರಿ ಇಲ್ಲ. ಅದರಲ್ಲಿಯೂ ನೆಲಕ್ಕೆ ಇಂಗುವುದು ಸ್ವಲ್ಪ ಭಾಗ ಮಾತ್ರ. ತೆಗೆಯಲು ಊರಿನ ಎಲ್ಲರ ಕೈಯಲ್ಲಿ ಚೆಕ್ಕು ಇದೆ. ಬಾಕಿ ಎಷ್ಟಿದೆ ಎಂದು ಯಾರೂ ಕೇಳುವುದಿಲ್ಲ. ಅದರ ಮೇಲೆ ಪಂಪಿನ ಕರೆಂಟಿಗೆ ಅಶ್ವಶಕ್ತಿಯ ಲೆಕ್ಕ ಇತ್ತು. ಮೀಟರು ಇಲ್ಲದವರಿಗೆ ಎಷ್ಟು ತಾಸು ಓಡಿಸಿದರೂ ಬಿಲ್ಲು ಒಂದೇ ಬರುತ್ತಿತ್ತು. ತಮಿಳುನಾಡಿನ ತಿರುಚೆಂಗೋಡಿನ ಬೋರ್ ಗಾಡಿಗಳು ರಾತ್ರಿಯಿಡೀ ಊರ ಹೊರಗೆ ಗುಡುಗುತ್ತಿದ್ದವು. ಜೋಳದ ಹೊಲಗಳಿಗೆ ಕಬ್ಬು ಬಂದಿತು. ಭೀಮಾ ನದಿಗೆ ಉಜನಿ ಧರಣ 1980ರಲ್ಲಿ ಮುಗಿಯಿತು. ಅದು 117 ಟಿಎಂಸಿ ನೀರು ಹಿಡಿಯುವ ಜಲಾಶಯ, ಚಳಿಗಾಲಕ್ಕೆ ರಾಜಹಂಸ ಹಕ್ಕಿಗಳೂ ಅಲ್ಲಿಗೆ ಬರುತ್ತವೆ. ಕಾಲುವೆ ಮುಟ್ಟಿದ ಊರಿನವರನ್ನು ನೋಡಿ, ಕಾಲುವೆ ಮುಟ್ಟದ ಊರಿನವರೂ ಬೋರಿನ ಮೇಲೆ ಕಬ್ಬು ಹಚ್ಚಿದೆವು.

ಹಾಗಾದರೆ ಬೇರೆ ದಾರಿ ಯಾರೂ ತೋರಿಸಲಿಲ್ಲವೇ? ತೋರಿಸಿದರು. 1972ರ ಅದೇ ಬರದಲ್ಲಿ ಪುಣೆ ಜಿಲ್ಲೆಯ ಪುರಂದರ ತಾಲೂಕಿಗೆ ವಿಲಾಸರಾವ ಸಾಳುಂಖೆ ಎಂಬ ಇಂಜಿನಿಯರರು ಬಂದರು. ಪುಣೆಯಲ್ಲಿ ಅವರ ಸ್ವಂತ ಕಾರಖಾನೆ ಇತ್ತು. ನಾಯಗಾವ ಎಂಬ ಊರಲ್ಲಿ ದೇವಸ್ಥಾನದ ಬರಡು ಜಮೀನನ್ನು ಲಾವಣಿಗೆ ಹಿಡಿದು ಒಡ್ಡು ಹಾಕಿದರು, ನೀರು ಇಂಗಿಸಿದರು. ಅವರ ಪಾಣಿ ಪಂಚಾಯತದ ನಿಯಮಗಳನ್ನು ಕೇಳಿರಿ. ನೀರಿನ ಪಾಲು ಹೊಲದ ಎಕರೆ ನೋಡಿ ಕೊಡುವುದಲ್ಲ, ಮನೆಯ ತಲೆ ಎಣಿಸಿ ಕೊಡುವುದು. ತಲೆಗೆ ಅರ್ಧ ಎಕರೆಗೆ ಸಾಲುವಷ್ಟು, ಒಂದು ಮನೆಗೆ ಹೆಚ್ಚೆಂದರೆ ಎರಡೂವರೆ ಎಕರೆಗೆ. ಕಬ್ಬು ಹಚ್ಚುವಂತಿಲ್ಲ. ಹೊಲ ಮಾರಿದರೆ ನೀರಿನ ಹಕ್ಕು ಹೊಲದ ಜೊತೆ ಹೋಗುವುದಿಲ್ಲ. ಹೊಲವೇ ಇಲ್ಲದ ಕೂಲಿಯವನಿಗೂ ಪಾಲು ಉಂಟು. ಖರ್ಚಿನ ಐದನೆಯ ಒಂದು ಭಾಗ ಜನರೇ ಹಾಕಬೇಕು.

ಇನ್ನೊಂದು ಊರು ಅಹಮದನಗರ ಜಿಲ್ಲೆಯ (ಈಗಿನ ಅಹಿಲ್ಯಾನಗರ) ಹಿವರೆ ಬಾಜಾರ. 1989ರಲ್ಲಿ ಪೋಪಟರಾವ ಪವಾರರು ಅಲ್ಲಿ ಸರಪಂಚರಾದರು. ಗುಡ್ಡದ ಮೇಲೆ ಸಮಪಾತಳಿ ಚರಿ ತೋಡಿದರು, ಹಳ್ಳಕ್ಕೆ ಒಡ್ಡು ಹಾಕಿದರು. ಅದಕ್ಕಿಂತ ದೊಡ್ಡ ಕೆಲಸವೆಂದರೆ ಬೆಳೆಗೆ ಬೋರು ಬೇಡ, ಕಬ್ಬು ಬೇಡ ಎಂದು ಗ್ರಾಮಸಭೆಯಲ್ಲಿ ಗೊತ್ತು ಮಾಡಿದರು. ವರ್ಷದ ಮಳೆ ಎಷ್ಟಾಯಿತು ಎಂದು ನೋಡಿ, ಕುಡಿಯಲು ಇಷ್ಟು, ದನಕ್ಕೆ ಇಷ್ಟು, ಬೆಳೆಗೆ ಇಷ್ಟು ಎಂದು ಲೆಕ್ಕ ಹಾಕುತ್ತಾರೆ. ಮಳೆ ಕಡಿಮೆಯಾದ ವರ್ಷ ಬೆಳೆಯೂ ಕಡಿಮೆ. 2020ರಲ್ಲಿ ಪವಾರರಿಗೆ ಪದ್ಮಶ್ರೀ ಘೋಷಣೆಯಾಯಿತು. ಕೇಂದ್ರ ಸರಕಾರ 2019ರಲ್ಲಿ ಮಹಾರಾಷ್ಟ್ರ, ಕರ್ನಾಟಕ ಸೇರಿ ಏಳು ರಾಜ್ಯಗಳಲ್ಲಿ ಆರಂಭಿಸಿದ ಅಟಲ್ ಭೂಜಲ ಯೋಜನೆಯಲ್ಲಿಯೂ ಇಂಥ ಊರಿನ ನೀರಿನ ಲೆಕ್ಕಕ್ಕೆ ಜಾಗ ಸಿಕ್ಕಿತು.

ಈ ಎರಡು ಊರುಗಳಲ್ಲಿಯೂ ಒಡ್ಡು, ಚರಿ ಎಲ್ಲವೂ ಇವೆ, ನಮ್ಮಲ್ಲಿಯೂ ಇವೆ. ನಮ್ಮಲ್ಲಿ ಇಲ್ಲದ್ದು ಎಲ್ಲರೂ ಕುಳಿತು ಮಾಡಿದ ಒಪ್ಪಂದ.

ನಾನು ನಿವೃತ್ತನಾದ ಮೇಲೆ ನಮ್ಮ ಕಡೆಯ ಒಂದು ಊರಲ್ಲಿ ನೀರಿನ ಸಭೆ ನಡೆಯಿತು. ಬಂದ ಅಧಿಕಾರಿ ಒಳ್ಳೆಯವರು, ಕಾಳಜಿ ಇದ್ದವರು. ಒಳ್ಳೆಯ ಮರಾಠಿಯಲ್ಲಿ ಒಂದು ತಾಸು ಹೇಳಿದರು, ನಕ್ಷೆ ತೋರಿಸಿದರು. ನಮ್ಮ ಗಂಡಸರಿಗೆ ಪೇಟೆ, ಕಚೇರಿಯ ಮರಾಠಿ ಬರುತ್ತದೆ, ತಲೆ ಹಾಕಿದರು. ಹಿಂದೆ ಕುಳಿತ ಮುದುಕಿಯರು ಸುಮ್ಮನಿದ್ದರು. ಸಭೆ ಮುಗಿಯುವ ಹೊತ್ತಿಗೆ ನಾನು ಎದ್ದು ಕನ್ನಡದಲ್ಲಿ, “ಆಯಿ, ಮೊದಲು ಸೆಲೆ ಎಲ್ಲೆಲ್ಲಿ ಇತ್ತು?” ಎಂದು ಒಬ್ಬರನ್ನು ಕೇಳಿದೆ. ಅವರು ಕುಳಿತಲ್ಲಿಂದಲೇ ಹೇಳತೊಡಗಿದರು: “ಹಳ್ಳದ ತಿರುವಿನ್ಯಾಗ ಒಂದ ಝರಿ ಇತ್ತಪಾ. ಮಾಗಿ ತನಕ ಆಡ್ತಿತ್ತು. ಅದರ ಮ್ಯಾಲ ಈಗ ಕಬ್ಬಿನ ಹೊಲ ಆಗ್ಯದ.” ಒಬ್ಬರ ಮಾತಿಗೆ ಇನ್ನೊಬ್ಬರು ಸೇರಿಸಿದರು. ಅರ್ಧ ತಾಸಿನಲ್ಲಿ ನಕ್ಷೆಯಲ್ಲಿ ಇಲ್ಲದ ನಾಲ್ಕು ಝರಿಗಳ ಜಾಗ ಸಿಕ್ಕಿತು. ಅಧಿಕಾರಿ ನನ್ನಿಂದ ಅರ್ಥ ಕೇಳಿ ಕೇಳಿ ಬರೆದುಕೊಂಡರು. ಮರುದಿನ ಹೋಗಿ ನೋಡಿದಾಗ ಒಂದು ಜಾಗದಲ್ಲಿ ಬೇಸಿಗೆಯಲ್ಲೂ ಜೊಂಡು ಹಸಿರಾಗಿತ್ತು. ಆ ಊರವರು ಮೊದಲ ಸಲಿಕೆ ಹಾಕಿದ್ದು ಅಲ್ಲಿಯೇ.

ಕೇಳುಗರೆ, ನೀರಿನ ತಿಳುವಳಿಕೆ ಹೊರಗಿನಿಂದ ಬರುವುದು ಅರ್ಧ, ಊರಿನೊಳಗೆ ಇರುವುದು ಅರ್ಧ. ಒಳಗಿನ ಅರ್ಧ ನಮ್ಮ ಮನೆಯ ಮಾತಿನಲ್ಲಿದೆ, ಅದೂ ಹೆಣ್ಣುಮಕ್ಕಳ ಬಾಯಲ್ಲಿ. ಸಭೆ ಮರಾಠಿಯಲ್ಲಿ ಆಗಲಿ, ಕನ್ನಡದಲ್ಲಿಯೂ ಆಗಲಿ. ಎರಡೂ ಬರುವವರು ನಾವು, ನಡುವೆ ನಿಂತು ಅರ್ಥ ಹೇಳುವ ಕೆಲಸ ನಮ್ಮದು.

ಮಾಡಬೇಕಾದ ಕೆಲಸ ಬಹಳ ದೊಡ್ಡದಲ್ಲ. ದೀಪಾವಳಿಯ ಹೊತ್ತಿಗೆ ಊರಿನ ಕೆಲವು ಬಾವಿಗಳಿಗೆ ಹಗ್ಗ ಇಳಿಸಿ ನೀರು ಅಳೆಯಿರಿ, ಆ ಅಂಕಿಗಳನ್ನು ಚಾವಡಿಯ ಗೋಡೆಗೆ ಬರೆಯಿರಿ. ಹಿಂಗಾರಿ ಬಿತ್ತುವ ಮುಂಚೆ ಆ ಗೋಡೆಯ ಮುಂದೆ ಕುಳಿತು ಮಾತಾಡಿರಿ. ಬೇಸಿಗೆಯಲ್ಲಿ ತಲಾವದ ಹೂಳು ತೆಗೆದು ಹೊಲಕ್ಕೆ ಹಾಕಿರಿ. 2017ರಲ್ಲಿ ಮಹಾರಾಷ್ಟ್ರ ಸರಕಾರ ‘ಗಾಳಮುಕ್ತ ಧರಣ, ಗಾಳಯುಕ್ತ ಶಿವಾರ’ ಎಂದು ಯೋಜನೆ ಮಾಡಿದ್ದು ಇದಕ್ಕೇ. ಊರಿನ ಕುಡಿಯುವ ನೀರಿನ ಬಾವಿಯಿಂದ ಐದುನೂರು ಮೀಟರಿನೊಳಗೆ ಪರವಾನಗಿ ಇಲ್ಲದೆ ಬೇರೆ ಬಾವಿ ತೋಡಬಾರದೆಂದು 1993ರಷ್ಟು ಹಿಂದೆಯೇ ನಮ್ಮ ರಾಜ್ಯದಲ್ಲಿ ಕಾಯ್ದೆ ಬಂದಿತು. ಅದು ಪುಸ್ತಕದಲ್ಲಿ ಉಳಿಯಿತು, ಏಕೆಂದರೆ ಅಂತರ ಅಳೆಯಬೇಕಾದ ನನ್ನಂಥವರು ಕುರ್ಚಿ ಬಿಟ್ಟು ಏಳಲಿಲ್ಲ. ಅಳೆಯುವ ಟೇಪು ಈಗ ನಿಮ್ಮ ಕೈಯಲ್ಲಿ ಇರಲಿ.

ಆ ಅಣ್ಣತಮ್ಮಂದಿರ ಸುದ್ದಿ ಹೇಳಿ ಮುಗಿಸುತ್ತೇನೆ. ಸಾಲದ ಕಂತು ಹೇಗೋ ತೀರಿತು, ಮಾತು ಮಾತ್ರ ಕೂಡಲಿಲ್ಲ. ಅವರ ಮಕ್ಕಳು ಈಗ ಅಣ್ಣನ ಹಳೆಯ ಬಾವಿಯ ಹೂಳು ತೆಗೆಸಿ, ಬದುವಿನ ಎರಡೂ ಕಡೆಯ ಮಳೆನೀರನ್ನು ಅದಕ್ಕೆ ತಿರುಗಿಸಿದ್ದಾರೆ. ಎಂಟು ದಿನ ಒಬ್ಬರು, ಎಂಟು ದಿನ ಇನ್ನೊಬ್ಬರು ನೀರು ಎತ್ತುತ್ತಾರೆ. ಕಬ್ಬು ಬಿಟ್ಟು ಜೋಳ, ಕಡಲೆ ಹಾಕಿದ್ದಾರೆ. ಹೋದ ಸಂಕ್ರಮಣಕ್ಕೆ ಅವರಲ್ಲಿ ಒಬ್ಬ ಗಡ್ಡಾ ಜಾತ್ರೆಯಲ್ಲಿ ಸಿಕ್ಕು, “ಕಾಕಾ, ಬಾವ್ಯಾಗ ಇನ್ನ ಎಂಟ ಮೊಳ ನೀರ ಅದ” ಎಂದ. ಇಬ್ಬರೂ ಕೆರೆಯ ದಂಡೆಯ ಮೇಲೆ ಸ್ವಲ್ಪ ಹೊತ್ತು ನಿಂತೆವು.

ಮುಂದಿನ ಜಾತ್ರೆಗೆ ಹೋದಾಗ ನೀವೂ ನಿಲ್ಲಿರಿ.