ಸ್ಕೌಟ್–ಗೈಡ್ ಗಣವೇಷ: ಏನು ಬೇಕು, ಎಷ್ಟು ಬಟ್ಟೆ ಹಿಡಿಯುತ್ತದೆ, ಖರ್ಚು ಎಲ್ಲಿ ತಗ್ಗುತ್ತದೆ



ಶಾಲೆ ಶುರುವಾಗಿ ಹದಿನೈದು ದಿನ ಕಳೆಯುವುದರೊಳಗೆ ಸಂಘಕ್ಕೆ ಬರುವ ಫೋನುಗಳಲ್ಲಿ ಒಂದು ಪ್ರಶ್ನೆ ಯಾವ ವರ್ಷವೂ ತಪ್ಪಿಲ್ಲ. ಮಗ ಸ್ಕೌಟ್ ಸೇರಿದ್ದಾನೆ, ಮಗಳು ಗೈಡ್ ಸೇರಿದ್ದಾಳೆ, ಬಟ್ಟೆಗೆ ಇಷ್ಟು ದುಡ್ಡು ಕೇಳಿದ್ದಾರೆ, ಇದು ಸರಿಯೋ? ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವುದಕ್ಕಿಂತ ಗೊತ್ತಿರುವುದನ್ನೆಲ್ಲ ಒಂದೇ ಕಡೆ ಬರೆದಿಟ್ಟಿದ್ದೇವೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯವರಿಗೆ ‘ಗಣವೇಷ’ ಎಂದರೇನೇ ಅರ್ಥ. ಕಾಸರಗೋಡಿನವರು ‘ಸಮವಸ್ತ್ರ’ ಎನ್ನುತ್ತಾರೆ. ಎರಡೂ ಒಂದೇ.

ಇದು ಬರೀ ಬಟ್ಟೆಯ ಮಾತಲ್ಲ. ದೊಡ್ಡ ಊರಿನ ದೊಡ್ಡ ಶಾಲೆಯಲ್ಲಿ ನಾಲ್ಕು ಮಕ್ಕಳು ದಳ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಗಡಿಯ ಕನ್ನಡ ಶಾಲೆಯಲ್ಲಿ ಒಂದು ತರಗತಿಗೆ ಹದಿನೈದೋ ಇಪ್ಪತ್ತೋ ಮಕ್ಕಳು. ಅವರಲ್ಲಿ ನಾಲ್ವರು ಹಿಂದೆ ಸರಿದರೆ ದಳ ನಡೆಸುವುದೇ ಕಷ್ಟ. ದುಡ್ಡಿಲ್ಲ ಎಂದು ಮಗು ಬಾಯಿಬಿಟ್ಟು ಹೇಳುವುದೂ ಇಲ್ಲ. ಕವಾಯತಿನ ದಿನ ಹೊಟ್ಟೆನೋವು ಎನ್ನುತ್ತದೆ, ಇಲ್ಲವೆ ರಜೆ ಹಾಕುತ್ತದೆ. ಎರಡು ವಾರ ಹೀಗಾದರೆ ಶಿಕ್ಷಕರು ಮನೆಗೊಮ್ಮೆ ಹೋಗಿ ಬರುವುದು ಒಳ್ಳೆಯದು.

ಗಣವೇಷದಲ್ಲಿ ಏನೇನಿದೆ

ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆ 1950ರ ನವೆಂಬರ್ 7ರಂದು ಶುರುವಾಯಿತು. ದೇಶಕ್ಕೆಲ್ಲ ಅದರ ನಿಯಮ ಒಂದೇ. ಹಾಗಾಗಿ ಕಾಸರಗೋಡಿನ ಸ್ಕೌಟಿಗೂ ಜತ್ತದ ಸ್ಕೌಟಿಗೂ ಬಟ್ಟೆಯಲ್ಲಿ ವ್ಯತ್ಯಾಸ ಇರಬಾರದು. ಸ್ಕೌಟ್ ಹುಡುಗನಿಗೆ ಉಕ್ಕಿನ ಬೂದು ಬಣ್ಣದ ಅಂಗಿ. ಅದಕ್ಕೆ ಎದೆಯ ಮೇಲೆ ಎರಡು ಜೇಬು, ಹೆಗಲ ಮೇಲೆ ಪಟ್ಟಿ. ಗಾಢ ನೀಲಿ ಚಡ್ಡಿ ಅಥವಾ ಪ್ಯಾಂಟು, ಗಾಢ ನೀಲಿ ಬೆರೆ ಟೋಪಿ, ಕೊರಳಿಗೆ ಸ್ಕಾರ್ಫು, ಅದನ್ನು ಹಿಡಿಯುವ ವಾಗಲ್, ಬಕ್ಕಲ್ ಇರುವ ಬೆಲ್ಟು, ಬೂಟು, ಕಾಲುಚೀಲ. ಗೈಡ್ ಹುಡುಗಿಯರದು ತಿಳಿನೀಲಿ. ಸಲ್ವಾರ್ ಕಮೀಜ್ ಹೊಲಿಸುವುದೇ ಈಗ ನಮ್ಮ ಕಡೆ ಹೆಚ್ಚು. ಹತ್ತು ವರ್ಷದೊಳಗಿನ ಕಬ್ ಮತ್ತು ಬುಲ್‌ಬುಲ್ ಮಕ್ಕಳಿಗೆ ಬೇರೆ ಉಡುಪು ಇದೆ. ಆ ಬಟ್ಟೆ ಸ್ಕೌಟಿಗೋ ಗೈಡಿಗೋ ದಾಟಿದ ಮೇಲೆ ಪೂರ್ತಿ ಉಪಯೋಗಕ್ಕೆ ಬಾರದು, ಆದ್ದರಿಂದ ಒಂಬತ್ತೂವರೆ ವರ್ಷದ ಮಗುವಿಗೆ ಹೊಸ ಕಬ್ ಬಟ್ಟೆ ಹೊಲಿಸುವ ಮುನ್ನ ಯೋಚಿಸಿ.

ಈ ಪಟ್ಟಿಯಲ್ಲಿ ಸಂಸ್ಥೆಯ ಮಳಿಗೆಯಿಂದಲೇ ತರಬೇಕಾದದ್ದು ಬಹಳ ಕಡಿಮೆ: ಎಡ ಜೇಬಿನ ಮೇಲಿನ ಸದಸ್ಯತ್ವದ ಬ್ಯಾಡ್ಜ್, ಬಲ ಜೇಬಿನ ಮೇಲಿನ ವಿಶ್ವ ಸ್ಕೌಟ್ ಬ್ಯಾಡ್ಜ್, ಚಿಹ್ನೆ ಇರುವ ಬಕ್ಕಲ್, ಟೋಪಿಯ ಬ್ಯಾಡ್ಜ್. ಅಂಗಿ, ಚಡ್ಡಿ, ಸ್ಕಾರ್ಫುಗಳನ್ನು ಊರಿನ ಟೇಲರ್ ಹೊಲಿದರೆ ಸಾಕು, ಬಣ್ಣ ಮತ್ತು ಮಾದರಿ ಸರಿಯಿದ್ದರೆ ಆಯಿತು. ಒಟ್ಟಿಗೆ ‘ಪೂರ್ತಿ ಸೆಟ್’ ಎಂದು ಒಂದೇ ಬೆಲೆ ಹೇಳುವ ಅಂಗಡಿಯಲ್ಲಿ ಬಿಡಿ ಬಿಡಿಯಾಗಿ ದರ ಬರೆಸಿಕೊಳ್ಳಿ. ನಾವು ಗುಮಾಸ್ತಿಕೆ ಮಾಡಿ ಬಂದವರು, ಮೊತ್ತ ಮಾತ್ರ ಬರೆದ ಚೀಟಿಯನ್ನು ಎಂದೂ ನಂಬಿದವರಲ್ಲ.

ಸ್ಕಾರ್ಫಿನ ಲೆಕ್ಕ ಬೇರೆಯೇ ಹೇಳಬೇಕು. ಅದು ತ್ರಿಕೋನ, ಎರಡು ಬದಿ 70ರಿಂದ 80 ಸೆಂಟಿಮೀಟರ್. 80 ಸೆಂಟಿಮೀಟರಿನ ಒಂದು ಚೌಕವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ಸ್ಕಾರ್ಫು. 36 ಇಂಚು ಪನ್ನದ ಬಟ್ಟೆ ಎಂಟು ಮೀಟರ್ ತಂದರೆ ಇಪ್ಪತ್ತು ಮಕ್ಕಳಿಗೆ ಆಗುತ್ತದೆ. ಅಂಚು ಮಡಚಿ ಹೊಲಿಯುವುದನ್ನು ಮನೆಯಲ್ಲಿ ಮಿಷನ್ ಇರುವ ಯಾರಾದರೂ ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತಾರೆ. ಅಂಗಡಿಯಲ್ಲಿ ಒಂದೊಂದಾಗಿ ಕೊಂಡರೆ ಎಷ್ಟಾಗುತ್ತದೆ ಎಂದು ನೀವೇ ಕೇಳಿ ನೋಡಿ. ಬಣ್ಣವನ್ನು ದಳವೇ ಆರಿಸಿಕೊಳ್ಳಬಹುದು, ಆದರೆ ಹಸಿರು, ನೇರಳೆ, ಹಳದಿ ಸಲ್ಲವು. ನಮ್ಮ ಬಾವುಟದ ಹಳದಿಯ ಮೇಲೆ ಎಲ್ಲರಿಗೂ ಆಸೆ, ಕೆಂಪಿಗೆ ತೃಪ್ತರಾಗಬೇಕು.

ಬಟ್ಟೆ ಮತ್ತು ಹೊಲಿಗೆ

ಹನ್ನೊಂದು–ಹನ್ನೆರಡು ವರ್ಷದ ಹುಡುಗನ ಅರ್ಧ ತೋಳಿನ ಅಂಗಿಗೆ 58 ಇಂಚು ಪನ್ನದಲ್ಲಿ ಸುಮಾರು ಒಂದೂಕಾಲು ಮೀಟರ್ ಸಾಕು. ಚಡ್ಡಿಗೆ ಮುಕ್ಕಾಲು ಮೀಟರಿನೊಳಗೆ, ಪೂರ್ತಿ ಪ್ಯಾಂಟಿಗೆ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು. ಇಪ್ಪತ್ತು ಮಕ್ಕಳ ಬಟ್ಟೆ ಒಟ್ಟಿಗೆ ಕತ್ತರಿಸಿದರೆ ಚೂರುಪಾರಿನಿಂದಲೇ ಜೇಬು, ಹೆಗಲ ಪಟ್ಟಿ ಹೊರಡುತ್ತವೆ, ಅದಕ್ಕೆ ಬೇರೆ ಬಟ್ಟೆ ಬೇಡ.

ಸಮವಸ್ತ್ರದ ಬಟ್ಟೆಯಲ್ಲಿ ಹೆಚ್ಚಾಗಿ ಸಿಗುವುದು ಪಾಲಿಯೆಸ್ಟರ್ ಜೊತೆ ಹತ್ತಿ ಅಥವಾ ವಿಸ್ಕೋಸ್ ಸೇರಿಸಿದ್ದು. ಮೂರರಲ್ಲಿ ಎರಡು ಪಾಲು ಪಾಲಿಯೆಸ್ಟರ್, ಒಂದು ಪಾಲು ಮತ್ತೊಂದು. ಅಂಗಿಗೆ ಹತ್ತಿ ಬೆರೆತದ್ದು, ಚಡ್ಡಿ ಪ್ಯಾಂಟಿಗೆ ವಿಸ್ಕೋಸ್ ಬೆರೆತದ್ದು ಒಳ್ಳೆಯದು. ಪೂರ್ತಿ ಪಾಲಿಯೆಸ್ಟರ್ ಅಗ್ಗ, ಮುದುರುವುದಿಲ್ಲ, ಇಸ್ತ್ರಿಯೂ ಬೇಕಿಲ್ಲ ಎಂದು ಅಂಗಡಿಯವರು ಹೊಗಳುತ್ತಾರೆ. ಅಕ್ಕಲಕೋಟೆಯ ಬಿಸಿಲಲ್ಲಿ ಅದನ್ನು ಹಾಕಿಕೊಂಡು ಒಂದು ತಾಸು ನಿಂತ ಮಗುವನ್ನು ಕೇಳಿದರೆ ಗೊತ್ತಾಗುತ್ತದೆ. ಬಟ್ಟೆಯ ಎರಡು ಎಳೆ ತೆಗೆದು ಸುಟ್ಟು ನೋಡಿ. ಹತ್ತಿಯಾದರೆ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಬೆರೆತದ್ದಾದರೆ ಎರಡೂ ಸ್ವಲ್ಪ ಸ್ವಲ್ಪ ಕಾಣುತ್ತವೆ. ಗಾಢ ನೀಲಿಯ ಮೇಲೆ ಒದ್ದೆ ಬಿಳಿ ಕರವಸ್ತ್ರ ತಿಕ್ಕಿ ನೋಡಿ. ಬಣ್ಣ ಅಂಟಿದರೆ ಅದು ನಾಳೆ ಬೂದು ಅಂಗಿಗೂ ಅಂಟುತ್ತದೆ. ಹತ್ತಿ ಬೆರೆತ ಬಟ್ಟೆಯನ್ನು ಕತ್ತರಿಸುವ ಮೊದಲು ರಾತ್ರಿಯೆಲ್ಲ ನೀರಲ್ಲಿ ನೆನೆಸಿ ಒಣಗಿಸಲು ಟೇಲರಿಗೆ ಹೇಳಿ. ತರಾತುರಿಯಲ್ಲಿ ಇದೊಂದನ್ನು ಬಿಟ್ಟರೆ ಎರಡನೇ ತೊಳೆತಕ್ಕೇ ತೋಳು ಮೇಲೇರುತ್ತದೆ.

ಉಳಿತಾಯ ಇರುವುದು ಒಳಮಡಿಕೆಯಲ್ಲಿ. ಹತ್ತನೆಯ ವಯಸ್ಸಿಗೆ ಸೇರಿದ ಮಗು ವರ್ಷಕ್ಕೆ ಎರಡು ಇಂಚು ಬೆಳೆಯುವುದು ಸಾಮಾನ್ಯ. ಪ್ಯಾಂಟಿನ ಕೆಳಗೆ ಎರಡೂವರೆ ಇಂಚು, ಸೊಂಟದ ಹಿಂದೆ ಒಂದು ಇಂಚು, ಕಮೀಜಿನ ಎರಡೂ ಪಕ್ಕಕ್ಕೆ ಒಂದೊಂದು ಇಂಚು ಬಟ್ಟೆ ಒಳಗೆ ಬಿಡಿಸಿದರೆ ಅದೇ ಬಟ್ಟೆ ಎರಡು ವರ್ಷ ನಡೆಯುತ್ತದೆ. ಸಿದ್ಧ ಉಡುಪಿನಲ್ಲಿ ಈ ಮಡಿಕೆ ಇರುವುದೇ ಅಪರೂಪ, ಕೊಳ್ಳುವಾಗ ಒಳಗೆ ತಿರುಗಿಸಿ ನೋಡಿ. ಕಂಕುಳು, ಜೇಬಿನ ಮೂಲೆ, ಚಡ್ಡಿಯ ನಡುವಿನ ಹೊಲಿಗೆ ಎರಡು ಸಲ ಆಗಿರಬೇಕು. ಗುಂಡಿ ಎಳೆದರೆ ದಾರ ಕೈಗೆ ಬರಬಾರದು. ಬೂಟಿನ ವಿಷಯದಲ್ಲಿ ಶಾಲೆಯ ಕಪ್ಪು ಬೂಟೇ ನಡೆಯುವಂತಿದ್ದರೆ ಇನ್ನೊಂದು ಜೊತೆ ಕೊಳ್ಳುವ ಕಾರಣ ನಮಗಂತೂ ಕಾಣುವುದಿಲ್ಲ.

ಬಿಲ್ಲಿನಲ್ಲಿ ತೆರಿಗೆಯನ್ನೂ ನೋಡಿ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ, ಹಾಗೆಯೇ 2,500ರವರೆಗಿನ ಒಂದು ಜೊತೆ ಬೂಟಿಗೆ ಜಿಎಸ್‌ಟಿ ಶೇಕಡಾ 5. ಮಕ್ಕಳ ಅಂಗಿಗೆ ಶೇ. 12 ಅಥವಾ 18 ಹಾಕಿದ್ದರೆ ಅಲ್ಲೇ ನಿಂತು ಕೇಳಿ.

ಸರಕಾರದಿಂದ ಸಿಗುವುದೇನು

ಇದು ರಾಜ್ಯಕ್ಕೊಂದು ರೀತಿ. ಮಹಾರಾಷ್ಟ್ರದ ಜಿಲ್ಲಾ ಪರಿಷತ್ ಕನ್ನಡ ಶಾಲೆಗಳ ಪಾಲಕರು ಈಚಿನ ವರ್ಷಗಳ ಕತೆಯನ್ನು ನೆನಪಿಡಬೇಕು. ಮೊದಲು ಸಮಗ್ರ ಶಿಕ್ಷಾ ಯೋಜನೆಯಡಿ ಒಂದು ಗಣವೇಷಕ್ಕೆ 300ರಂತೆ ಎರಡಕ್ಕೆ 600 ರೂಪಾಯಿ ಶಾಲಾ ವ್ಯವಸ್ಥಾಪನ ಸಮಿತಿಗೆ ಬರುತ್ತಿತ್ತು, ಸಮಿತಿಯೇ ಹೊಲಿಸುತ್ತಿತ್ತು. 2024–25ರಲ್ಲಿ ‘ಒಂದು ರಾಜ್ಯ, ಒಂದು ಗಣವೇಷ’ ಬಂತು. ಬಟ್ಟೆಯನ್ನು ಮೇಲಿನಿಂದಲೇ ಕೊಂಡರು. ಎರಡರಲ್ಲಿ ಒಂದು ದಿನನಿತ್ಯದ್ದು, ಇನ್ನೊಂದು ಸ್ಕೌಟ್–ಗೈಡ್ ಮಾದರಿಯದು. ಈ ಎರಡನೆಯದರ ಬಟ್ಟೆಯನ್ನು ಮಾತ್ರ ಸಮಿತಿಯ ಕೈಗೆ ಕೊಟ್ಟು, ಹೊಲಿಗೆಗೆ 100, ಮೇಲ್ಖರ್ಚಿಗೆ 10, ಒಟ್ಟು 110 ರೂಪಾಯಿ ಗೊತ್ತುಮಾಡಿದರು. ಜೇಬು, ಹೆಗಲ ಪಟ್ಟಿ ಸಮೇತ ಅಂಗಿ, ಜೊತೆಗೆ ಚಡ್ಡಿ. ನೂರು ರೂಪಾಯಿಗೆ ಯಾವ ಟೇಲರ್ ಒಪ್ಪುತ್ತಾನೆ? ಬಟ್ಟೆ ತಡವಾಗಿ ಬಂತು, ಅಳತೆ ಹೊಂದಲಿಲ್ಲ ಎಂಬ ದೂರು ರಾಜ್ಯದ ತುಂಬ ಎದ್ದಿತು. 2024ರ ಡಿಸೆಂಬರಿನಲ್ಲಿ ಸರಕಾರ ಹಿಂದೆ ಸರಿದು, 2025–26ರಿಂದ ಮತ್ತೆ ಸಮಿತಿಗಳಿಗೇ ಅಧಿಕಾರ ಕೊಟ್ಟಿತು.

ಹೀಗಾಗಿ ಸಮಿತಿಯ ಸಭೆಗೆ ಹೋಗುವುದು ಈಗ ಕೆಲಸಕ್ಕೆ ಬರುವ ಮಾತು. ಅದರಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕೆಂದು ನಿಯಮವಿದೆ. ಯಾವ ಬಟ್ಟೆ, ಯಾರು ಹೊಲಿಯುವುದು ಎಂಬುದನ್ನು ಅಲ್ಲಿ ಠರಾವು ಬರೆಯುವ ಮೊದಲೇ ಮಾತಾಡಬೇಕು, ಬಟ್ಟೆ ಬಂದ ಮೇಲಲ್ಲ. ನಮ್ಮ ಭಾಗದ ಒಂದು ಶಾಲೆಯಲ್ಲಿ ಮೂವರು ತಾಯಂದಿರು ಬಟ್ಟೆಯ ಮಾದರಿ ತುಂಡನ್ನು ಮನೆಗೆ ಒಯ್ದು ಮೂರು ಸಲ ತೊಳೆದು ತಂದು ಸಭೆಯ ಮೇಜಿನ ಮೇಲಿಟ್ಟರು. ಆ ಬಟ್ಟೆ ಬದಲಾಯಿತು.

ಇತರ ಕಡೆ ಹೇಳುವುದು ಕಡಿಮೆ. ತಮಿಳುನಾಡಿನ ತಾಳವಾಡಿ, ಹೊಸೂರು ಶಾಲೆಗಳಲ್ಲಿ ಮಧ್ಯಾಹ್ನದ ಊಟದ ಯೋಜನೆಯ ಮಕ್ಕಳಿಗೆ ಎಂಟನೇ ತರಗತಿವರೆಗೆ ನಾಲ್ಕು ಜೊತೆ ಶಾಲಾ ಸಮವಸ್ತ್ರ ಬರುತ್ತದೆ. ಆಂಧ್ರದ ಆದೋನಿ, ರಾಯದುರ್ಗ, ಮಡಕಶಿರಾ ಕಡೆಯ ಸರಕಾರಿ ಶಾಲೆಗಳಲ್ಲಿ ಮೂರು ಜೊತೆಯ ಬಟ್ಟೆ ಕೊಡುತ್ತಾರೆ. ಇವು ಶಾಲೆಯ ಬಟ್ಟೆ, ಸ್ಕೌಟಿನದು ಮನೆಯ ಖರ್ಚು. ಕಾಸರಗೋಡಿನ ಪ್ರೌಢಶಾಲೆಗಳಲ್ಲಿ ಸ್ಕೌಟ್, ಎನ್‌ಸಿಸಿ, 2010ರಲ್ಲಿ ಶುರುವಾದ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಹೀಗೆ ಹಲವು ಗುಂಪುಗಳಿವೆ. ಸೇರುವ ಮೊದಲೇ ಯಾವುದಕ್ಕೆ ಬಟ್ಟೆ ಕೊಡುತ್ತಾರೆ, ಯಾವುದಕ್ಕೆ ನಾವು ಹೊಲಿಸಬೇಕು ಎಂದು ಕೇಳಿಕೊಳ್ಳಿ. ಎನ್‌ಸಿಸಿಗೆ ಮೊದಲು ಬಟ್ಟೆಯನ್ನೇ ಕೊಡುತ್ತಿದ್ದರು. 2022ರಲ್ಲಿ ಅದರ ಹಣವನ್ನು ನೇರ ಕೆಡೆಟ್ ಖಾತೆಗೆ ಹಾಕುವ ಏರ್ಪಾಡು ಪ್ರಕಟವಾಯಿತು. ಮಗುವಿನ ಹೆಸರಲ್ಲಿ ಖಾತೆ ತೆರೆದು, ಹೊಲಿಸಿದ ರಶೀದಿಗಳನ್ನು ಇಟ್ಟುಕೊಳ್ಳಿ.

ಸಂಘದಿಂದ ಒಟ್ಟಿಗೆ ಕೊಳ್ಳುವುದು

ಸೊಲ್ಲಾಪುರ ಚಾದರಿಗೆ ಹೆಸರಾದ ಊರು, ಈಗ ಶಾಲಾ ಸಮವಸ್ತ್ರಕ್ಕೂ ದೇಶದಲ್ಲಿ ಹೆಸರು ಮಾಡಿದೆ. 2017ರಿಂದ ಅಲ್ಲಿನ ತಯಾರಕರು ಸಮವಸ್ತ್ರ ಮೇಳವನ್ನೇ ನಡೆಸತೊಡಗಿದರು. ದೂರದೂರದ ಶಾಲೆಗಳು ಅಲ್ಲಿಂದ ತರಿಸಿಕೊಳ್ಳುವಾಗ ಮಗ್ಗುಲಲ್ಲೇ ಇರುವ ನಾವು ಚಿಲ್ಲರೆ ದರ ಕೊಡುವುದು ಎಂಥ ಲೆಕ್ಕ? ಎರಡು ಮೂರು ಶಾಲೆಗಳ ಬೇಡಿಕೆ ಸೇರಿಸಿದರೆ ಸಗಟು ದರ ಕೇಳಲು ಬಾಯಿ ಬರುತ್ತದೆ. ದೂರದ ಕಾಸರಗೋಡು, ವಯನಾಡಿನವರು ಸಾಗಣೆ ಖರ್ಚು ಕೂಡಿಸಿ ನೋಡಿ ನಿರ್ಧರಿಸಲಿ. ಅವರಿಗೆ ಮಂಗಳೂರು, ಮೈಸೂರು ಹತ್ತಿರ.

ಹಳೆಯ ಗಣವೇಷಗಳನ್ನು ಸಂಘದ ಕಪಾಟಿನಲ್ಲಿ ಇಡುತ್ತಿದ್ದೇವೆ. ತೊಳೆದು, ಇಸ್ತ್ರಿ ಮಾಡಿ, ಬ್ಯಾಡ್ಜ್ ಬಿಚ್ಚಿ ಕೊಡಿ. ಪಡೆದ ಮಗುವಿನ ಹೆಸರನ್ನು ಫಲಕಕ್ಕೆ ಹಾಕುವುದಿಲ್ಲ, ಫೋಟೊ ತೆಗೆಯುವುದಿಲ್ಲ. ನೋಂದಣಿ ಪುಸ್ತಕದಲ್ಲಿ ಅಳತೆ ಮಾತ್ರ ಬರೆಯುತ್ತೇವೆ. ಬೆಲ್ಟು, ಬೆರೆ ಟೋಪಿಗಳು ಹೆಚ್ಚು ಬೇಕಾಗಿವೆ.

ಒಟ್ಟಿಗೆ ಕೊಳ್ಳಲು ಬಯಸುವ ಶಾಲೆಗಳು ಪಟ್ಟಿಯಲ್ಲಿ ಪ್ರತಿ ಮಗುವಿನ ಎತ್ತರ, ಎದೆ, ಸೊಂಟ, ತೋಳಿನ ಉದ್ದವನ್ನು ಇಂಚಿನಲ್ಲಿ ಬರೆದು ಕಳುಹಿಸಬೇಕು. ಕೇವಲ ‘ಆರನೇ ತರಗತಿ, ಹನ್ನೆರಡು ಮಕ್ಕಳು’ ಎಂದು ಬರೆದ ಪಟ್ಟಿಗಳನ್ನು ಹಿಂದಿರುಗಿಸಲಾಗುವುದು.