ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮ

ಕುಡಿಯುವ ನೀರಿನೊಡನೆ ಹೊಟ್ಟೆ ಸೇರಿ, ಸುಮಾರು ಒಂದು ವರ್ಷದ ಬಳಿಕ ಚರ್ಮ ಒಡೆದು ಹೊರಬರುವ ಹುಳುವಿನಿಂದ ಆಗುವ ರೋಗ ನಾರುಹುಣ್ಣು. ಇದನ್ನು ದೇಶದಿಂದ ತೊಲಗಿಸಲು ಭಾರತ ಸರ್ಕಾರ 1983-84ರಲ್ಲಿ ಆರಂಭಿಸಿದ ಕಾರ್ಯಕ್ರಮದ ಹೊಣೆ ದೆಹಲಿಯ ರಾಷ್ಟ್ರೀಯ ಸಾಂಕ್ರಾಮಿಕ ರೋಗಗಳ ಸಂಸ್ಥೆಯದಾಗಿತ್ತು. ಕರ್ನಾಟಕದಲ್ಲಿ ಅಂದಿನ ಬಿಜಾಪುರ, ರಾಯಚೂರು, ಗುಲ್ಬರ್ಗಾ, ಧಾರವಾಡ ಮೊದಲಾದ ಜಿಲ್ಲೆಗಳು ಪೀಡಿತ ಪಟ್ಟಿಯಲ್ಲಿದ್ದವು. ಆಂಜನೇಯನ ಗುಡಿಯಿಂದ ಹೆಸರಾದ ತುಳಸಿಗೇರಿಯೂ ಬಾದಾಮಿ, ಹುನಗುಂದ, ಇಳಕಲ್ಲುಗಳೂ ಆಗ ಬಿಜಾಪುರ ಜಿಲ್ಲೆಯವೇ.

ಈ ಸೀಮೆಯಲ್ಲಿ ಮಳೆ ಕಡಿಮೆ. ಎಷ್ಟೋ ಕಡೆ ಬಾವಿನೀರು ಸವಳು. ಸಿಹಿನೀರು ಸಿಕ್ಕುವ ಹೊಂಡಕ್ಕೆ, ಮೆಟ್ಟಿಲು ಬಾವಿಗೆ ಊರೆಲ್ಲ ಇಳಿಯುತ್ತಿತ್ತು. ಮೆಟ್ಟಿಲು ಕಟ್ಟಿದ ಹೊಂಡ ಇಲ್ಲಿಯ ಹಳೆಯ ಶಿಲ್ಪಪರಂಪರೆಯ ಭಾಗವೂ ಹೌದು. ಬಾದಾಮಿ ಬಳಿಯ ಬನಶಂಕರಿಯ ಹರಿದ್ರಾತೀರ್ಥ ನೋಡಿದವರಿಗೆ ಅದರ ಚೆಲುವನ್ನು ಬಣ್ಣಿಸಬೇಕಿಲ್ಲ. ಆದರೆ ಕುಡಿಯುವ ನೀರಿಗೆ ಜನ ಕಾಲಿಟ್ಟು ಕೊಡ ತುಂಬುವ ಕಡೆಯೆಲ್ಲ ಈ ಹುಳುವಿಗೆ ದಾರಿ ಸಿಕ್ಕುತ್ತಿತ್ತು. ಹುಳು ಹೊರಬರುವ ಮುನ್ನ ಸಾಮಾನ್ಯವಾಗಿ ಮೊಣಕಾಲಿನ ಕೆಳಗೆ ಬೊಬ್ಬೆ ಏಳುತ್ತದೆ, ಬೆಂಕಿಯಂತೆ ಉರಿಯುತ್ತದೆ. ತಂಪಿಗೆಂದು ಕಾಲು ನೀರಿಗಿಟ್ಟರೆ ಬೊಬ್ಬೆ ಒಡೆದು ಹೆಣ್ಣುಹುಳು ಸಾವಿರಾರು ಮರಿಗಳನ್ನು ನೀರಿಗೆ ಬಿಡುತ್ತದೆ. ಅವನ್ನು ಸೈಕ್ಲಾಪ್ಸ್ ಎಂಬ ಸೂಕ್ಷ್ಮ ಜಲಜೀವಿ ನುಂಗುತ್ತದೆ. ಸುಮಾರು ಎರಡು ವಾರದಲ್ಲಿ ಮರಿ ಅದರೊಳಗೆ ಬಲಿಯುತ್ತದೆ. ಆ ನೀರು ಕುಡಿದವರಿಗೆ ಮರುವರ್ಷ ಹುಣ್ಣು.

ಎರಡು ಮೂರು ಅಡಿ ಉದ್ದದ ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಅಂಗುಲ ಎಳೆಯುವುದೇ ಚಿಕಿತ್ಸೆ. ಅವಸರ ಮಾಡಿ ಎಳೆದು ತುಂಡಾದರೆ ಒಳಗುಳಿದ ಭಾಗ ಕೀವು ಕಟ್ಟಿ ಕಾಲು ಬಾಯುತ್ತದೆ. ಬಾವಿಯ ನೀರು ತಳ ಕಂಡಾಗ ಸೈಕ್ಲಾಪ್ಸ್ ದಟ್ಟವಾಗುವುದರಿಂದ ಸೋಂಕು ತಗಲುತ್ತಿದ್ದುದು ಬೇಸಿಗೆಯಲ್ಲಿ. ವರ್ಷ ತುಂಬಿ ಹುಳು ತಲೆ ಹಾಕುತ್ತಿದ್ದುದೂ ಮತ್ತೆ ಬೇಸಿಗೆಯಲ್ಲೇ. ಹೀಗಾಗಿ ಮುಂಗಾರು ಬಿತ್ತನೆಯ ಹೊತ್ತಿಗೆ ದುಡಿಯುವ ಆಳು ಹಾಸಿಗೆ ಹಿಡಿದಿರುತ್ತಿದ್ದ. ಸಾವು ಅಪರೂಪವಾದ್ದರಿಂದ ಸರ್ಕಾರಗಳ ಗಮನ ಈ ಕಡೆ ಹರಿದದ್ದು ತಡವಾಗಿ.

ಸೈಕ್ಲಾಪ್ಸಿನ ಪಾತ್ರವನ್ನು 1870ರಲ್ಲಿ ತುರ್ಕಿಸ್ತಾನದಲ್ಲಿ ರಷ್ಯದ ಫೆಡ್ಚೆಂಕೊ ಗುರುತಿಸಿದ. ಕನ್ನಡ ನಾಡಿನಲ್ಲಿ ಗಟ್ಟಿ ಕೆಲಸ ನಡೆದದ್ದು 1930ರ ದಶಕದಲ್ಲಿ, ಚಿತ್ರದುರ್ಗ ಜಿಲ್ಲೆಯ ಹಳ್ಳಿಗಳಲ್ಲಿ. ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆಯ ವಿ. ಎನ್. ಮೂರ್ತಿ, ರಾಕ್‌ಫೆಲರ್ ಪ್ರತಿಷ್ಠಾನದ ಡಬ್ಲ್ಯು. ಸಿ. ಸ್ವೀಟ್ ಜೊತೆಗೂಡಿ ಬಾವಿಗಳಿಗೆ ಸೈಕ್ಲಾಪ್ಸ್ ತಿನ್ನುವ ಸಣ್ಣ ಮೀನು ಬಿಟ್ಟು ರೋಗ ತಡೆಯುವ ವಿಧಾನವನ್ನು 1936ರಲ್ಲಿ ಪ್ರಕಟಿಸಿದರು. ಅಗ್ಗದ, ಹಳ್ಳಿಗೆ ಒಗ್ಗುವ ಉಪಾಯ. ಬಿಜಾಪುರ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು, ಮೈಸೂರಿನ ಇಲಾಖೆಯ ಕೈ ಅಲ್ಲಿಗೆ ಚಾಚುವಂತಿರಲಿಲ್ಲ. ಮುಂದೆ ರಾಷ್ಟ್ರೀಯ ಕಾರ್ಯಕ್ರಮ ರೂಪುಗೊಂಡಾಗಲೂ ಮುಖ್ಯ ಅಸ್ತ್ರಗಳಲ್ಲಿ ಮೀನಿಗೆ ಜಾಗ ಸಿಗಲಿಲ್ಲ.

ಆ ಅಸ್ತ್ರಗಳಲ್ಲಿ ಔಷಧಿಯೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ಈ ರೋಗಕ್ಕೆ ಎರಡೂ ಇಲ್ಲ. ಆರೋಗ್ಯ ಕಾರ್ಯಕರ್ತರು ವರ್ಷಕ್ಕೆ ಎರಡು ಮೂರು ಬಾರಿ ಮನೆಮನೆ ಹುಡುಕಿ ರೋಗಿಗಳ ಪಟ್ಟಿ ಮಾಡಿದರು, ಹುಣ್ಣಿಗೆ ಪಟ್ಟಿ ಕಟ್ಟಿದರು, ನೀರಿಗಿಳಿಯಬೇಡಿ ಎಂದು ಹೇಳಿದರು. ಮಡಿಸಿದ ಬಟ್ಟೆಯಲ್ಲಿ ನೀರು ಸೋಸುವುದನ್ನು ಕಲಿಸಿದರು. ಬಾವಿಗಳಿಗೆ ಲೀಟರಿಗೆ 1 ಮಿಲಿಗ್ರಾಂ ಪ್ರಮಾಣದಲ್ಲಿ ಸೈಕ್ಲಾಪ್ಸ್ ಕೊಲ್ಲುವ ಟೆಮಿಫಾಸ್ ಹಾಕಿದರು. ಇನ್ನೊಂದೆಡೆ ಮೆಟ್ಟಿಲುಗಳನ್ನು ಮುಚ್ಚಿ ಸೇದುವ ಬಾವಿ ಮಾಡುವ, ಕೊಳವೆಬಾವಿ ಕೊರೆದು ಕೈಪಂಪು ಕೂರಿಸುವ ಕೆಲಸ ಸಾಗಿತು.

ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ ಅರ್ಧರ್ಧ ಹಂಚಿಕೊಂಡವು. 1986ರ ರಾಷ್ಟ್ರೀಯ ಕುಡಿಯುವ ನೀರಿನ ಮಿಷನ್ನಿನಲ್ಲೂ ನಾರುಹುಣ್ಣು ಒಂದು ಉಪಮಿಷನ್ ಆಯಿತು. ಆದ್ದರಿಂದ ಆರೋಗ್ಯ ಇಲಾಖೆಯ ಬಾಬ್ತನ್ನಷ್ಟೇ ನೋಡಿ ಖರ್ಚಿನ ಲೆಕ್ಕ ಹಾಕಿದರೆ ದಾರಿ ತಪ್ಪುತ್ತದೆ. ಕೊಳವೆಬಾವಿಯ ಹಣ ಬೇರೆ ತಲೆಬರಹದಡಿ ಇದೆ. ಇದು ಬಹುಮಟ್ಟಿಗೆ ಎಂಜಿನಿಯರರ ಗೆಲುವು. ಆದರೆ ಯಾವ ಊರಿಗೆ ಮೊದಲು ಎಂಬುದನ್ನು ತೋರಿಸಿದ್ದು ಆರೋಗ್ಯ ಕಾರ್ಯಕರ್ತರ ಪಟ್ಟಿ.

ಫಲ ವರ್ಷದಿಂದ ವರ್ಷಕ್ಕೆ ಅಂಕಿಯಲ್ಲೇ ಕಾಣುತ್ತದೆ. 1984ರಲ್ಲಿ ಏಳು ರಾಜ್ಯಗಳ 89 ಜಿಲ್ಲೆಗಳಲ್ಲಿ ಸುಮಾರು 40,000 ರೋಗಿಗಳಿದ್ದರು. 1990ಕ್ಕೆ 4,798, 1992ಕ್ಕೆ 1,081, 1995ಕ್ಕೆ 60. ಕೊನೆಗಾಲದಲ್ಲಿ ರೋಗಿಯ ಸುದ್ದಿ ಕೊಟ್ಟವರಿಗೆ ಬಹುಮಾನವನ್ನೂ ಘೋಷಿಸಲಾಯಿತು. ದೇಶದ ಕಟ್ಟಕಡೆಯ ಪ್ರಕರಣ ವರದಿಯಾದದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದ ಫೆಬ್ರವರಿಯಲ್ಲಿ ಭಾರತ ನಾರುಹುಣ್ಣುಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ದೃಢೀಕರಿಸಿತು. 1986ರಲ್ಲಿ ಜಗತ್ತಿನಲ್ಲಿ ಅಂದಾಜು 35 ಲಕ್ಷ ಜನರನ್ನು ಕಾಡುತ್ತಿದ್ದ ರೋಗ 2023ರಲ್ಲಿ 14 ಜನರಲ್ಲಿ ಮಾತ್ರ ಕಂಡುಬಂತು. ಆಫ್ರಿಕದ ಚಾಡ್ ಮೊದಲಾದೆಡೆ ನಾಯಿಗಳಲ್ಲೂ ಈ ಹುಳು ಇರುವುದರಿಂದ ಕೆಲಸ ಪೂರ್ತಿಯಾಗಿಲ್ಲ.

1963ರಲ್ಲಿ ಭಾರತೀಯ ಮಲೇರಿಯಾ ಸಂಸ್ಥೆಯಿಂದ ರೂಪುಗೊಂಡಿದ್ದ, ಕಾರ್ಯಕ್ರಮದ ಹೊಣೆ ಹೊತ್ತಿದ್ದ ದೆಹಲಿಯ ಸಂಸ್ಥೆಗೆ 2009ರಿಂದ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ ಎಂದು ಹೆಸರು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ, ಅಂದರೆ ದೇಶದ ಕೊನೆಯ ಪ್ರಕರಣದ ನಂತರ. ಹಾಗಾಗಿ ತುಳಸಿಗೇರಿ, ಹುನಗುಂದ ಕಡೆಯ ನಾರುಹುಣ್ಣಿನ ದಾಖಲೆ ಹುಡುಕುವವರು ಬಿಜಾಪುರ ಜಿಲ್ಲೆಯ ಹೆಸರಿನಲ್ಲೇ ನೋಡಬೇಕು.